ರೆಕಾರ್ಡ್ ಬೇಗ ತಿದ್ದುವ ಮೂರು ಸುಲಭ ಉಪಾಯಗಳು

ಕೆಲಸ ಹಗುರ ಮಾಡಿಕೊಳ್ಳೋಣ ಅಂತ ನಾನು ಯಾವಾಗ ಉಪಾಯ ಹುಡುಕಿದರೂ ಕೆಲಸ ಎರಡರಷ್ಟಾಗುತ್ತದೆ. ಒಂದು ಸಲ ಆಗಿದ್ದರೆ ಗ್ರಹಚಾರ ಅನ್ನಬಹುದಿತ್ತು. ನನಗೆ ವರ್ಷಕ್ಕೆ ನಾಲ್ಕು ಸಲ ಆಗುತ್ತದೆ, ಅದಕ್ಕೇ ಇದನ್ನು ಸ್ವಭಾವ ಅನ್ನಬೇಕು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಚಳ್ಳಕೆರೆಯಲ್ಲಿ ಮೂರು ದಿನ, ಮೊಳಕಾಲ್ಮೂರಿನಲ್ಲಿ ಮೂರು ದಿನ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳುತ್ತಿದ್ದೆ. ಎರಡೂ ಕಡೆ ಪಾರ್ಟ್ ಟೈಮ್ ಕೆಲಸ, ಎರಡೂ ಕಡೆ ಫುಲ್ ಟೈಮ್ ರೆಕಾರ್ಡು. ರೆಕಾರ್ಡ್ ಅಂದರೆ ಲ್ಯಾಬಿನಲ್ಲಿ ಮಾಡಿದ ಪ್ರತಿಯೊಂದು ಪ್ರಯೋಗವನ್ನೂ ಮಕ್ಕಳು ಬರೆದಿಡಬೇಕಾದ ದಪ್ಪ ರಟ್ಟಿನ ಪುಸ್ತಕ. ನಾವು ಅದನ್ನು ತಿದ್ದಿ ಸಹಿ ಹಾಕದಿದ್ದರೆ ಆ ಮಗು ಪ್ರಾಕ್ಟಿಕಲ್ ಪರೀಕ್ಷೆಗೆ ಕೂರುವ ಹಾಗಿಲ್ಲ. ನನ್ನ ಪಾಲಿಗೆ ಒಟ್ಟು ನೂರಾ ಹದಿನಾಲ್ಕು ರೆಕಾರ್ಡು, ಒಂದೊಂದರಲ್ಲಿ ಹದಿನೆಂಟು ಪ್ರಯೋಗ. ಗುಣಾಕಾರ ಮಾಡಿ ನೋಡಿದ ದಿನ ನನಗೆ ಊಟ ಸೇರಲಿಲ್ಲ.

ಇದರಲ್ಲಿ ನಗುವಂಥದ್ದು ಬಹಳ ನಡೆದಿದೆ, ಹೇಳುತ್ತೇನೆ. ಆದರೆ ಆಗ ನಾನು ನಕ್ಕಿರಲಿಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡಬೇಕು. ಮೊಳಕಾಲ್ಮೂರಿನ ಕ್ಲಾಸಿನಲ್ಲಿ ಹತ್ತೊಂಬತ್ತನೇ ನಂಬರಿನ ಒಬ್ಬ ಹುಡುಗಿ ಇದ್ದಳು, ನೇಕಾರರ ಮಗಳು. ಆ ಮನೆಯಲ್ಲಿ ಸೈನ್ಸ್ ತೆಗೆದುಕೊಂಡ ಮೊದಲನೆಯವಳು. ಸೇರಿಸುವ ದಿನ ಅವಳ ಅಪ್ಪ ನನ್ನ ಮುಂದೆಯೇ ಅವಳಿಗೆ ಹೇಳಿದ್ದರು, "ಪಾಸಾಗೋ ತನಕ ಓದವ್ವ, ನಾನು ಬ್ಯಾಡ ಅನ್ನಲ್ಲ. ಒಂದು ಸಲ ನಿಂತ್ಯೋ, ಎರಡನೇ ಮಗ್ಗ ಖಾಲಿ ಐತೆ." ಆ ವರ್ಷ ಅವಳ ಓದು ನನ್ನ ಜಾಣತನದಿಂದಲೇ ನಿಂತುಹೋಗುವುದರಲ್ಲಿತ್ತು. ಒಂದರ ಹಿಂದೆ ಒಂದು ಉಪಾಯ ಮಾಡುತ್ತಾ ನಾನು ಅಲ್ಲಿಗೆ ಹೇಗೆ ಮುಟ್ಟಿದೆ ಅನ್ನುವುದೇ ಈ ಕತೆ.

೧. ಒಂದು ಹಿಡಿ ಶೇಂಗಾ

ಮೊದಲನೇ ಉಪಾಯ ನನ್ನ ಯಜಮಾನರದು. ಅವರು ಚಳ್ಳಕೆರೆಯ ಒಂದು ಎಣ್ಣೆ ಗಿರಣಿಯಲ್ಲಿ ಮಾಲು ನೋಡಿ ತೆಗೆದುಕೊಳ್ಳುವ ಕೆಲಸದಲ್ಲಿದ್ದರು. ಡಿಸೆಂಬರಿನಲ್ಲಿ ಒಂದು ದಿನ ನಡುಮನೆ ತುಂಬ ರೆಕಾರ್ಡ್ ಹರಡಿಕೊಂಡು ಕೂತ ನನ್ನನ್ನು ನೋಡಿ ಅಂದರು, "ಒಂದು ಲಾರಿ ಶೇಂಗಾ ಬಂದರೆ ನಾವು ಕಾಯಿ ಕಾಯಿ ಬಿಡಿಸಿ ನೋಡ್ತೀವಾ? ಚೀಲಕ್ಕೆ ಕೈ ಹಾಕ್ತೀವಿ, ಒಂದು ಹಿಡಿ ತೆಗೀತೀವಿ, ನಾಲ್ಕು ಒಡೀತೀವಿ. ಗೊತ್ತಾಗಿಬಿಡ್ತದೆ."

ನನಗೂ ಸರಿ ಅನ್ನಿಸಿತು. ಪ್ರತಿ ರೆಕಾರ್ಡಿನಲ್ಲೂ ಏಳನೇ ಪ್ರಯೋಗ ಒಂದನ್ನೇ ಗಮನವಿಟ್ಟು ನೋಡುವುದು, ಅದು ಚೆನ್ನಾಗಿದ್ದರೆ ಉಳಿದದ್ದೂ ಚೆನ್ನಾಗಿದೆ ಅಂತ ಸಹಿ ಹಾಕುವುದು. ಒಂದೇ ಮಧ್ಯಾಹ್ನದಲ್ಲಿ ಇಪ್ಪತ್ತೈದು ರೆಕಾರ್ಡ್ ಮುಗಿಯಿತು. ಇಷ್ಟು ವರ್ಷ ಇದು ಹೊಳೆಯಲಿಲ್ಲವಲ್ಲ ಅಂತ ನನಗೇ ಬೇಜಾರಾಯಿತು.

ಮಾರನೇ ವಾರ ಬಂದ ರೆಕಾರ್ಡುಗಳ ಏಳನೇ ಪ್ರಯೋಗ ನೋಡಿ ಕಣ್ಣು ತುಂಬಿ ಬಂತು. ಅಕ್ಷರ ಮುತ್ತಿನ ಹಾಗೆ, ಚಿತ್ರಕ್ಕೆ ಬಣ್ಣದ ಪೆನ್ಸಿಲ್ಲು, ಉತ್ತರದ ಸುತ್ತ ಚೌಕಟ್ಟು. ಒಬ್ಬನಂತೂ ಏಳನೇ ಪ್ರಯೋಗದ ಹಾಳೆಗೆ ಬೆಣ್ಣೆ ಕಾಗದ ಬೇರೆ ಅಂಟಿಸಿದ್ದ. ಅವನನ್ನು ಹೊಗಳೋಣ ಅಂತ ಹಿಂದಿನ ಹಾಳೆ ತಿರುಗಿಸಿದೆ. ಖಾಲಿ. ಮುಂದಿನದು ತಿರುಗಿಸಿದೆ. ಅದೂ ಖಾಲಿ.

"ಉಳಿದದ್ದು ಎಲ್ಲಪ್ಪ?" ಅಂದೆ.

ಅವನು ಒಂದು ಚೂರೂ ಹೆದರಲಿಲ್ಲ. "ನೀವು ಏಳನೇದು ಮಾತ್ರ ನೋಡ್ತೀರಂತೆ ಮೇಡಂ. ಅದಕ್ಕೆ ಎಲ್ಲ ಶ್ರದ್ಧೆ ಅದಕ್ಕೇ ಹಾಕಿದೀನಿ."

ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು, "ಶೇಂಗಾಕ್ಕೆ ನಾವು ಎಲ್ಲಿ ಕೈ ಹಾಕ್ತೀವಿ ಅಂತ ಗೊತ್ತಿರಲ್ಲ ನೋಡು. ನೀನು ಶೇಂಗಾಕ್ಕೆ ಹೇಳಿಬಿಟ್ಟು ಕೈ ಹಾಕಿದೀಯ" ಅಂದರು.

೨. ಕುರಿಯ ವಿಷಯದಲ್ಲಿ ಎಚ್ಚರಿಕೆ

ಎರಡನೇ ಉಪಾಯ ನನ್ನದೇ. ಲೆಕ್ಕ, ಚಿತ್ರ ಏನೂ ನೋಡುವುದು ಬೇಡ. ಪ್ರತಿ ಪ್ರಯೋಗದ ಕೊನೆಗೆ 'ಎಚ್ಚರಿಕೆಗಳು' ಅಂತ ನಾಲ್ಕು ಸಾಲು ಬರೆಯುವುದಿರುತ್ತದೆ. ನಿಜವಾಗಿ ಕೈಯಿಂದ ಮಾಡಿದವರಿಗೆ ಮಾತ್ರ ಎಲ್ಲಿ ಎಡವಿದೆವು ಅಂತ ಗೊತ್ತಿರುತ್ತದೆ, ಆದ್ದರಿಂದ ಅದೊಂದು ಓದಿದರೆ ಸಾಕು, ಮಾಡಿದವರು ಯಾರು, ನಕಲು ಯಾರು ಅಂತ ತಿಳಿದುಹೋಗುತ್ತದೆ. ಜನವರಿಯಲ್ಲಿ ಮೊಳಕಾಲ್ಮೂರಿನ ರೆಕಾರ್ಡುಗಳ ಮೇಲೆ ಇದನ್ನು ಪ್ರಯೋಗಿಸಿದೆ.

ಹತ್ತಿರದ ಸಿದ್ದಾಪುರದ ಕಡೆಯ ಒಬ್ಬ ಹುಡುಗನ ರೆಕಾರ್ಡು ಕೈಗೆ ಬಂತು. ಕುರಿ ಸಾಕುವ ಮನೆಯವನು. ಸರಳ ಲೋಲಕದ ಪ್ರಯೋಗ, ಅಂದರೆ ದಾರಕ್ಕೆ ಗುಂಡು ಕಟ್ಟಿ ತೂಗಾಡಿಸಿ ಸಮಯ ಅಳೆಯುವುದು. ಮಕ್ಕಳು ಬರೆಯುವುದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಹೇಳುವುದಾದರೆ ಅವನ ಹಾಳೆ ಹೀಗಿತ್ತು. ಬೇಕಾಗುವ ಉಪಕರಣಗಳು: ಕುರಿಯ ಕೊರಳ ಗಂಟೆ, ಹುರಿ, ಹುಣಸೆ ಕೊಂಬೆ, ಮಾವನ ವಾಚು. ಎಚ್ಚರಿಕೆಗಳು: ಗಂಟೆಯ ನಾಲಗೆಗೆ ಬಟ್ಟೆ ಸುತ್ತಬೇಕು. ಗಾಳಿ ಇಲ್ಲದಾಗ ಮಾಡಬೇಕು. ಕುರಿಗಳು ಹತ್ತಿರ ಬರದಂತೆ ನೋಡಿಕೊಳ್ಳಬೇಕು.

ಕರೆಸಿದೆ. "ಇದೇನಪ್ಪ, ಲ್ಯಾಬಿನಲ್ಲಿ ಮಾಡಲಿಲ್ವ?"

"ಆ ವಾರ ಕುರಿ ಜೊತೆ ಗುಡ್ಡದಾಗಿದ್ದೆ ಮೇಡಂ. ಗುಂಡು ಇರಲಿಲ್ಲ, ಗಂಟೆ ಇತ್ತು."

"ಇಪ್ಪತ್ತು ಸಲ ತೂಗಿದ್ದು ನೀನೇ ಎಣಿಸಿದ್ಯಾ? ತಪ್ಪಲಿಲ್ವ?"

ಅವನು ನನ್ನನ್ನು ಕನಿಕರದಿಂದ ನೋಡಿದ. "ದಿನಾ ಸಂಜಿಗೆ ಮುನ್ನೂರು ಕುರಿ ಎಣಿಸ್ತೀನಿ ಮೇಡಂ. ಅವು ಒಂದು ಕಡೆ ನಿಲ್ಲದೂ ಇಲ್ಲ."

ಉತ್ತರ ನೋಡಿದರೆ ಪುಸ್ತಕದಲ್ಲಿರುವುದಕ್ಕೆ ಕೂದಲೆಳೆಯಷ್ಟು ಹತ್ತಿರ. ಇಡೀ ಕ್ಲಾಸಿನಲ್ಲಿ ಪ್ರಯೋಗವನ್ನು ನಿಜವಾಗಿ ಮಾಡಿದವನು ಇವನೊಬ್ಬನೇ ಅಂತ ಖುಷಿಯಾಯಿತು. ಆ ಖುಷಿಯಲ್ಲಿ ಕ್ಲಾಸಿನ ಮುಂದೆ ಅವನನ್ನು ಹೊಗಳಿದೆ. ಹೊಗಳಬಾರದಿತ್ತು. ಗುರುವಾರ ರೆಕಾರ್ಡುಗಳು ತಿರುಗಿ ಬಂದಾಗ ಹನ್ನೊಂದು ರೆಕಾರ್ಡುಗಳಲ್ಲಿ ಕುರಿಗಳು ಹತ್ತಿರ ಬರದಂತೆ ನೋಡಿಕೊಳ್ಳಬೇಕಾಗಿತ್ತು. ಹನ್ನೊಂದನೆಯದು ಊರಿನ ರೇಷ್ಮೆ ಸೀರೆ ಅಂಗಡಿ ಸಾಹುಕಾರರ ಮಗಳದು.

"ನೀನು ಪ್ರಯೋಗ ಮಾಡಿದ್ದು ಎಲ್ಲಮ್ಮ?"

"ಇಲ್ಲೇ ಲ್ಯಾಬಲ್ಲಿ ಮೇಡಂ."

"ಮತ್ತೆ ಕುರಿ?"

ಅವಳು ಕಿಟಕಿ ಕಡೆ ನೋಡಿದಳು, ನನ್ನ ಕಡೆ ನೋಡಿದಳು. "ನಾನು ಎಚ್ಚರಿಕೆ ವಹಿಸಿದ್ದಕ್ಕೆ ಬರಲಿಲ್ಲ ಮೇಡಂ."

೩. ನಂಬರು ಹಾಕಿದ ಹಾಳೆ

ಇಷ್ಟಾದ ಮೇಲೆ ನನಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಮಾಡಿದ ಉಪಾಯ ಇದು, ಆದ್ದರಿಂದ ಬಹಳ ಗಟ್ಟಿಯಾಗಿತ್ತು.

ಪ್ರಿಸಂ ಪ್ರಯೋಗ ಬಾಕಿ ಇತ್ತು. ಗಾಜಿನ ಪ್ರಿಸಂ ಮೇಲೆ ಬೆಳಕು ಬೇರೆ ಬೇರೆ ಕೋನದಲ್ಲಿ ಬಿದ್ದಾಗ ಎಷ್ಟೆಷ್ಟು ಬಾಗುತ್ತದೆ ಅಂತ ಅಳೆದು ಗ್ರಾಫ್ ಹಾಳೆಯ ಮೇಲೆ ಗುರುತು ಹಾಕಿದರೆ, ತೊಟ್ಟಿಲ ಹಾಗೆ ಕೆಳಗಿಳಿದು ಮತ್ತೆ ಮೇಲೇರುವ ಒಂದು ಗೆರೆ ಬರುತ್ತದೆ. ಇದೊಂದನ್ನು ಎಲ್ಲರೂ ನನ್ನ ಕಣ್ಣೆದುರು ಮಾಡಬೇಕು ಅಂದೆ. ಗ್ರಾಫ್ ಹಾಳೆ ನಾನೇ ಕೊಡುವುದು, ಹಾಳೆಗೆ ವಿದ್ಯಾರ್ಥಿಯ ನಂಬರು ಹಾಕುವುದು, ಗೆರೆ ಎಳೆದ ಕೂಡಲೇ ಮೂಲೆಯಲ್ಲಿ ಸಹಿ ಮಾಡುವುದು. ಆ ಹಾಳೆ ರೆಕಾರ್ಡಿನಲ್ಲಿದ್ದರೆ ಉಳಿದ ರೆಕಾರ್ಡೂ ಅವರದೇ. ಇಲ್ಲದಿದ್ದರೆ ಪರೀಕ್ಷೆ ಇಲ್ಲ. ಬೇರೆ ಹಾಳೆ ಕೊಡುವುದಿಲ್ಲ, ಸಹಿ ಆದ ಮೇಲೆ ತಿದ್ದುವಂತಿಲ್ಲ.

ಪ್ರಿನ್ಸಿಪಾಲರಿಗೆ ಇದು ಎಷ್ಟು ಹಿಡಿಸಿತೆಂದರೆ ಟೈಪ್ ಮಾಡಿಸಿ, ನನ್ನ ಸಹಿ ಹಾಕಿಸಿ ನೋಟೀಸ್ ಬೋರ್ಡಿಗೆ ಹಾಕಿಸಿದರು. ಅಷ್ಟಕ್ಕೇ ಸುಮ್ಮನಿದ್ದರೆ ನಡೆಯುತ್ತಿತ್ತು. ಪರೀಕ್ಷೆಗೆ ಹೊರಗಿನಿಂದ ಬರುವ ಎಕ್ಸ್‌ಟರ್ನಲ್ ಮೇಷ್ಟರಿಗೂ ಒಂದು ಪ್ರತಿ ಕಳಿಸಿದರು. ಆ ಮೇಷ್ಟರು ರೆಕಾರ್ಡಿನ ವಿಷಯದಲ್ಲಿ ಯಾರ ಮಾತೂ ಕೇಳುವವರಲ್ಲ ಅಂತ ಜಿಲ್ಲೆಗೇ ಹೆಸರು. ಅವರಿಂದ ಮೂರೇ ಸಾಲಿನ ಉತ್ತರ ಬಂತು: ಕ್ರಮ ಚೆನ್ನಾಗಿದೆ. ಬಂದಾಗ ಒಂದೊಂದೂ ಪರಿಶೀಲಿಸುತ್ತೇನೆ. ವಿನಾಯಿತಿ ಬೇಡ.

ಸೋಮವಾರ ಪರೀಕ್ಷೆ. ಶನಿವಾರ ಬೆಳಗ್ಗೆ ಮೊಳಕಾಲ್ಮೂರಿನ ನಲವತ್ನಾಲ್ಕು ರೆಕಾರ್ಡನ್ನೂ ಮುಂದಿಟ್ಟುಕೊಂಡು ಕೂತೆ. ಮುಕ್ಕಾಲು ಗಂಟೆಯಲ್ಲಿ ನಲವತ್ಮೂರಕ್ಕೆ ಸಹಿ ಆಯಿತು. ನಾನು ಬದುಕಿನಲ್ಲಿ ಅಷ್ಟು ಬೇಗ ಯಾವ ಕೆಲಸವನ್ನೂ ಮುಗಿಸಿಲ್ಲ. ಹತ್ತೊಂಬತ್ತನೇ ನಂಬರಿನದರಲ್ಲಿ ಪ್ರಿಸಂ ಗ್ರಾಫ್ ಅಂಟಿಸುವ ಜಾಗ ಖಾಲಿ ಇತ್ತು.

ನೇಕಾರರ ಹುಡುಗಿ ಮೇಜಿನ ಮುಂದೆ ಬಂದು ನಿಂತಳು.

"ಗ್ರಾಫ್ ಎಲ್ಲಮ್ಮ?"

"ರಾಯದುರ್ಗದಾಗೈತೆ ಮೇಡಂ."

"ರಾಯದುರ್ಗ ಆಂಧ್ರದಲ್ಲಲ್ವೇನೆ?"

"ಹೌದು ಮೇಡಂ," ಅಂದಳು, ಕಣ್ಣಲ್ಲಿ ನೀರು ತುಂಬಿಕೊಂಡು. "ನಾನೇ ಇನ್ನೂ ಆ ಊರು ನೋಡಿಲ್ಲ."

೪. ಏನೋ ಒಂದು ಕಲಿತಳಲ್ಲ

ಆದದ್ದು ಇಷ್ಟು. ಗೋಂದಿನಿಂದ ಅಂಟಿಸೋಣ ಅಂತ ಅವಳು ಹಾಳೆಯನ್ನು ಮನೆಗೆ ಒಯ್ದು ಗೂಡಿನಲ್ಲಿಟ್ಟಿದ್ದಾಳೆ. ಮೊಳಕಾಲ್ಮೂರಿನ ನೇಕಾರರ ಮನೆಗಳಲ್ಲಿ ಗ್ರಾಫ್ ಹಾಳೆ ಅಂದರೆ ಒಂದೇ ಅರ್ಥ, ಅದು ಸೀರೆಯ ನಕ್ಷೆ. ಚೌಕಕ್ಕೊಂದು ಎಳೆ ಅಂತ ಲೆಕ್ಕ ಹಾಕಿ ಹೂವು, ನವಿಲು, ಗೋಪುರ ಬರೆದು, ಅದರ ಪ್ರಕಾರ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಸಿ ಮಗ್ಗಕ್ಕೆ ಏರಿಸುತ್ತಾರೆ. ಕಾರ್ಡಿನ ತೂತು ಹೇಳಿದ ಹಾಗೆ ಮಗ್ಗ ಎಳೆ ಎತ್ತುತ್ತದೆ. ಅಪ್ಪ ಗೂಡಿನಲ್ಲಿದ್ದ ಹಾಳೆಯನ್ನು ತೆಗೆದು ನೋಡಿದ್ದಾರೆ, ತಲೆಕೆಳಗಾಗಿ. ತಲೆಕೆಳಗಾದ ತೊಟ್ಟಿಲು ಅವರ ಕಣ್ಣಿಗೆ ಗೋಪುರದ ಹಾಗೆ ಕಂಡಿದೆ. ಚೌಕಗಳಿಗೆ ಕೆಂಪು ಶಾಯಿ ತುಂಬಿ, ಕಾರ್ಡು ಹೊಡೆಯಲು ರಾಯದುರ್ಗಕ್ಕೆ ಕಳಿಸಿದ್ದಾರೆ. ಕಾರ್ಡು ಬಂದಿದೆ, ಹಾಳೆ ಅಲ್ಲೇ ಉಳಿದಿದೆ. ಶುಕ್ರವಾರ ಸಂಜೆ ಹುಡುಗಿ ಕಾಲೇಜಿನಿಂದ ಮನೆಗೆ ಹೋದರೆ ಅವಳ ಪ್ರಯೋಗ ಮಗ್ಗದ ಮೇಲೆ ಜರಿಯಲ್ಲಿ ಇಳಿದು ಬರುತ್ತಿದೆ.

ಅವಳ ಜೊತೆ ನಾನೇ ಮನೆಗೆ ಹೋದೆ. ಕಾಲೇಜಿನಿಂದ ಎರಡು ಓಣಿ ಆಚೆ. ಅಪ್ಪ ಮಗ್ಗ ನಿಲ್ಲಿಸಿ ಎದ್ದರು.

"ಬರ್ರಿ ಮೇಡಮ್ಮಾ, ಕೂಡ್ರಿ. ಎರಡು ವರ್ಷ ಕಾಲೇಜಿಗೆ ಹೋತಾಳೆ, ಏನು ಕಲಿತಾಳೋ ಅಂತಿದ್ದೆ. ಏನೋ ಒಂದು ಕಲಿತಳಲ್ಲ ಅಂತ ಸಂತೋಷ ಆತು. ಚಾಲಾ ಬಾಗುಂದಿ, ಭಾಳ ಚಲೋ ಬಂದೈತೆ. ನಮ್ಮ ಓಣಿಯಾಗೆ ಇಂಥ ಅಂಚು ಯಾರೂ ಹಾಕಿಲ್ಲ."

ನಾನು ವಿಷಯ ಹೇಳಿದೆ. ಅವರ ಮುಖ ಇಳಿಯಿತು. ಬೇಗ ಬೇಗ ಅಂಗಿ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದರು. ಮಧ್ಯಾಹ್ನ ಬರಿಗೈಯಲ್ಲಿ ತಿರುಗಿ ಬಂದರು. ಕಾರ್ಡು ಹೊಡೆಯುವವನು ಅಂಗಡಿಗೆ ಬೀಗ ಹಾಕಿ ಮದುವೆಗೆ ಹೋಗಿದ್ದಾನೆ, ಬರುವುದು ಬುಧವಾರ.

"ಸೀರೆಯಿಂದ ಒಂದು ಗೇಣು ಕತ್ತರಿಸಿ ಕೊಡಿ, ಅದನ್ನೇ ತೋರಿಸ್ತೀನಿ" ಅಂದೆ.

"ಮಗ್ಗದ ಮೇಲಿರೋ ಸೀರೆಗೆ ಅರ್ಧದಾಗ ಕತ್ತರಿ ಹಾಕೋದಾ ಮೇಡಮ್ಮಾ? ಮನೆಯಾಗೆ ಹೆಣ ಬಿದ್ರೂ ನಾವು ಹಾಕಲ್ಲ. ಈ ರೇಷ್ಮೆನೂ ನಂದಲ್ಲ, ಸಾಹುಕಾರಂದು."

ಹೊರಗೆ ಬಂದು ಹುಡುಗಿಯ ಕಿವಿಯಲ್ಲಿ ಹೇಳಿದೆ, "ಇನ್ನೊಂದು ಹಾಳೆ ಕೊಡ್ತೀನಿ, ಈಗಲೇ ಬರಿ. ಹತ್ತೊಂಬತ್ತು ಅಂತ ನಂಬರ್ ಹಾಕಿ ಹಳೇ ತಾರೀಖಿಗೆ ಸಹಿ ಮಾಡ್ತೀನಿ. ಯಾರಿಗೂ ಗೊತ್ತಾಗಲ್ಲ."

ಅವಳು ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು ಕೇಳಿದಳು, "ಅದು ನಕಲು ಆಗಲ್ವಾ ಮೇಡಂ?"

ನೋಟೀಸ್ ಬೋರ್ಡಿನ ಮೇಲಿದ್ದ ನನ್ನ ನಿಯಮ ನಲವತ್ನಾಲ್ಕು ಮಕ್ಕಳಿಗೆ. ಓದಿ ಅರ್ಥ ಮಾಡಿಕೊಂಡವಳು ಇವಳೊಬ್ಬಳೇ, ಅದೂ ಆ ಹೊತ್ತಿನಲ್ಲಿ.

೫. ಎಕ್ಸ್‌ಟರ್ನಲ್ ಮೇಷ್ಟರು ಮತ್ತು ಅಂಚು

ಸೋಮವಾರ ಒಂಬತ್ತಕ್ಕೆ ಎಕ್ಸ್‌ಟರ್ನಲ್ ಬಂದರು. ಒಣಕಲು ಆಳು, ಜೇಬಿನಲ್ಲಿ ಸ್ವಂತ ಸ್ಕೇಲು. ರೆಕಾರ್ಡುಗಳನ್ನು ಒಂದೊಂದಾಗಿ ಬಿಡಿಸಿ, ಪ್ರಿಸಂ ಗ್ರಾಫಿನ ನಂಬರು ಸಹಿ ನೋಡಿ, ಪಕ್ಕಕ್ಕಿಡುತ್ತಾ ಬಂದರು. ಹದಿನೆಂಟು ಪಕ್ಕಕ್ಕೆ ಹೋಯಿತು. ಹತ್ತೊಂಬತ್ತು ಅವರ ಕೈಯಲ್ಲೇ ನಿಂತಿತು.

"ಗ್ರಾಫ್ ಇಲ್ಲ."

"ಇದೆ ಸಾರ್. ಮಗ್ಗದ ಮೇಲಿದೆ."

ಅವರು ಕನ್ನಡಕ ತೆಗೆದರು. ನಾನು ನಿಂತಲ್ಲೇ ಇದ್ದದ್ದನ್ನೆಲ್ಲ ಹೇಳಿದೆ. ಪ್ರಿನ್ಸಿಪಾಲರು ನೋಟೀಸಿನ ಪ್ರತಿಯನ್ನು ಮೇಜಿನ ಮೇಲಿಂದ ಮೆಲ್ಲಗೆ ಫೈಲಿನ ಕೆಳಗೆ ಸರಿಸಿದರು. ಎಕ್ಸ್‌ಟರ್ನಲ್ ಅದನ್ನು ಎರಡು ಬೆರಳಲ್ಲಿ ಮತ್ತೆ ಈಚೆ ಎಳೆದರು.

"ಇದು ಬರೆದಿದ್ದು ನೀವೇ ಅಲ್ವಾ?"

"ನಾನೇ ಸಾರ್."

"ರೆಕಾರ್ಡ್ ನೋಡದೆ ನಾನು ಕೂರಿಸಲ್ಲ. ಇದರ ಬದಲು ಬೇರೆ ಬರೆದು ತಂದಿದ್ರೂ ಕೂರಿಸ್ತಿರಲಿಲ್ಲ. ಅವಳ ಬ್ಯಾಚ್ ಯಾವಾಗ?"

"ಎರಡು ಗಂಟೆಗೆ."

"ಊಟಕ್ಕೆ ಬಿಟ್ಟಾಗ ನಡೀರಿ. ರೆಕಾರ್ಡ್ ಬರಲಿಲ್ಲ ಅಂದ್ರೆ ನಾನು ಹೋಗಬೇಕಲ್ಲ."

ಹೀಗೆ ಒಂದು ಗಂಟೆಯ ಬಿಸಿಲಲ್ಲಿ ಎಕ್ಸ್‌ಟರ್ನಲ್, ನಾನು, ಪ್ರಿನ್ಸಿಪಾಲರು, ಹುಡುಗಿ ಓಣಿಯಲ್ಲಿ ಸಾಲಾಗಿ ನಡೆದೆವು. ಜಪ್ತಿಗೆ ಬಂದವರು ಅಂತ ತಿಳಿದು ಅಕ್ಕಪಕ್ಕದ ಮಗ್ಗಗಳೆಲ್ಲ ಒಂದೊಂದಾಗಿ ನಿಂತವು.

ಎಕ್ಸ್‌ಟರ್ನಲ್ ಮಗ್ಗದ ಪಕ್ಕ ನೆಲದ ಮೇಲೆ ಕೂತರು. ಕಡುಗೆಂಪು ಸೀರೆಯ ಅಂಚಿನಲ್ಲಿ ಜರಿಯ ಗೋಪುರಗಳು ಸಾಲಾಗಿ ನಿಂತಿದ್ದವು. ತಲೆ ಆ ಕಡೆ ವಾಲಿಸಿ ನೋಡಿದರು, ಈ ಕಡೆ ವಾಲಿಸಿ ನೋಡಿದರು. ನೇಕಾರರು ತಡೆಯಲಾರದೆ, "ಎದುರುಗಡೆ ಅಂಚು ನೋಡ್ರಿ ಸಾರ್, ಅಲ್ಲಿ ಬಾಯಿ ಮ್ಯಾಲಾಗೈತೆ" ಅಂದರು. ಎರಡು ಅಂಚೂ ಒಂದಕ್ಕೊಂದು ಎದುರಾಗಿ ಇರುತ್ತವಲ್ಲ. ನೋಡಿದರೆ ಆ ಅಂಚಿನಲ್ಲಿ ತೊಟ್ಟಿಲು ನೆಟ್ಟಗಿತ್ತು.

ಎಕ್ಸ್‌ಟರ್ನಲ್ ಹುಡುಗಿಯ ರೆಕಾರ್ಡು ತೆರೆದು ತೊಡೆಯ ಮೇಲಿಟ್ಟುಕೊಂಡರು. ಎಳೆ ಎಣಿಸುವ ಮಸೂರ ಕೇಳಿ ಇಸಿದುಕೊಂಡರು. ಅವಳು ಬರೆದ ಒಂದೊಂದು ಅಳತೆಯನ್ನೂ ಎಳೆ ಎಣಿಸಿ ಅಂಚಿನ ಮೇಲೆ ಹುಡುಕಿದರು. ಹುಡುಗಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ಅವಳ ದೃಷ್ಟಿ ಮೂಲೆಯಲ್ಲಿದ್ದ ಎರಡನೇ ಮಗ್ಗದ ಮೇಲಿತ್ತು.

"ಈ ಗೆರೆ ಎರಡೂ ಕಡೆ ಸಮನಾಗಿಲ್ಲ," ಅಂದರು ಎಕ್ಸ್‌ಟರ್ನಲ್, ತಲೆ ಎತ್ತದೆ. "ಯಾಕಮ್ಮ?"

ಹುಡುಗಿಗೆ ಅದು ಪರೀಕ್ಷೆಯ ಪ್ರಶ್ನೆ ಅಂತ ಅರೆಗಳಿಗೆ ತಡವಾಗಿ ತಿಳಿಯಿತು. "ಸಮ ಇರಬಾರದು ಸಾರ್. ಒಂದು ಕಡೆ ಕಡಿದಾಗಿ ಇಳೀತೈತೆ, ಇನ್ನೊಂದು ಕಡೆ ನಿಧಾನಕ್ಕೆ ಏರ್ತೈತೆ."

"ಅದು ಸರಿ. ಆದರೆ ನೇಯೋರು ಎರಡೂ ಕಡೆ ಸಮ ಮಾಡ್ತಾರೆ. ಇವರು ಯಾಕೆ ಮಾಡಲಿಲ್ಲ?"

"ಮಾಡಕ್ಕೆ ಹೋಗಿದ್ದೆ ಸಾರ್," ಅಂದರು ಅಪ್ಪ. "ವಾರೆ ಐತಲ್ಲ ಅಂತ ಮನಸ್ಸಿಗೆ ಬಹಳ ಕಸಿವಿಸಿ ಆತು. ಆದ್ರೆ ಮೂಲ್ಯಾಗೆ ಮೇಡಮ್ಮನ ಸಹಿ ಇತ್ತು. ಸಹಿ ಆದಮ್ಯಾಲೆ ತಿದ್ದಬಾರದಲ್ರೀ. ಹಂಗೇ ನೇಯ್ದೆ. ಸಹಿನೂ ಬಿಟ್ಟಿಲ್ಲ ನೋಡ್ರಿ."

ನಾವೆಲ್ಲ ಬಗ್ಗಿದೆವು. ಒಂದೊಂದು ಗೋಪುರದ ಬುಡದಲ್ಲೂ ಬಳ್ಳಿಯ ಹಾಗೆ ಸುತ್ತಿಕೊಂಡು ಜರಿಯಲ್ಲಿ ನನ್ನ ಸಹಿ. ಗೇಣಿಗೆ ನಾಲ್ಕು.

ಎಕ್ಸ್‌ಟರ್ನಲ್ ಮಸೂರ ಹಿಡಿದು ಒಂದು ಸಹಿಯನ್ನು, ಜೊತೆಗೆ ತಂದಿದ್ದ ನೋಟೀಸಿನಲ್ಲಿದ್ದ ನನ್ನ ಸಹಿಯ ಜೊತೆ ತಾಳೆ ನೋಡಿದರು. ಆಮೇಲೆ ಪೆನ್ನು ತೆಗೆದು ರೆಕಾರ್ಡಿನ ಖಾಲಿ ಜಾಗದಲ್ಲಿ 'ಮೂಲ ಗ್ರಾಫ್ ಸ್ಥಳದಲ್ಲೇ ಪರಿಶೀಲಿಸಲಾಗಿದೆ' ಅಂತ ಬರೆದು ತಮ್ಮ ಸಹಿ ಹಾಕಿದರು. "ಎರಡು ಗಂಟೆಗೆ ಕೂತ್ಕೊಳಮ್ಮ. ತಡ ಮಾಡ್ಬೇಡ."

ಹುಡುಗಿ ಚೌಕಟ್ಟು ಬಿಟ್ಟು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ನಾನೂ ಕೂರುತ್ತಿದ್ದೆ, ಆದರೆ ಇದ್ದ ಒಂದೇ ಸ್ಟೂಲಿನ ಮೇಲೆ ಪ್ರಿನ್ಸಿಪಾಲರು ಆಗಲೇ ಕೂತಿದ್ದರು.

ಎಕ್ಸ್‌ಟರ್ನಲ್ ಎದ್ದು ಪಂಚೆಯ ದೂಳು ಕೊಡವಿಕೊಂಡರು. ಹೊಸಿಲು ದಾಟುವಾಗ ಏನೋ ನೆನಪಾಗಿ ನಿಂತು, ಇನ್ನೊಂದು ಸಲ ಅಂಚಿನ ಕಡೆ ನೋಡಿದರು.

"ಒಂದು ಅಂಕ ಮಾತ್ರ ಕಳೀಬೇಕಾಗ್ತದೆ. ಎಕ್ಸ್ ಅಕ್ಷ, ವೈ ಅಕ್ಷದ ಹೆಸರಿಲ್ಲ. ಸ್ಕೇಲ್ ಬರೆದಿಲ್ಲ."

"ಅದು ಹಾಳೆ ಮ್ಯಾಲೆ ಇತ್ತು ಸಾರ್, ಮಗಳದು ತಪ್ಪಿಲ್ಲ, ನಾನೇ ಬಿಟ್ಟೆ," ಅಂದರು ನೇಕಾರರು, ಕೈ ಮುಗಿದುಕೊಂಡು. "ಒಂದು ಸೆಂಟಿಮೀಟರಿಗೆ ಐದು ಡಿಗ್ರಿ ಅಂತ ಅಂಚಿನ ಮ್ಯಾಲೆ ನೇಯ್ದ್ರೆ, ಯಾವ ಮದುವೆ ಹೆಣ್ಣು ಉಡ್ತಾಳೆ, ನೀವೇ ಹೇಳ್ರಿ."